ಮೈಸೂರು ವಿಶ್ವವಿದ್ಯಾನಿಲಯದ ಪರಂಪರೆ ಮತ್ತು ಜನಪದ ಜ್ಞಾನ

ವಿಶ್ವವಿದ್ಯಾನಿಲಯದ ಧ್ಯೇಯವನ್ನು ಬೋಧನೆ, ಸಂಶೋಧನೆ, ಪ್ರಸಾರ ಎಂಬ ಮೂರು ನೆಲೆಗಳಲ್ಲಿ ವಿವರಿಸುವುದು ವಾಡಿಕೆ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗೆ ನಾಲ್ಕನೆಯ ಹೊಣೆಯೊಂದೂ ಇದೆ. ಅಕ್ಷರದ ಹೊರಗೆ ಉಳಿದ ಸಮುದಾಯಗಳ ಅರಿವನ್ನು ಜ್ಞಾನವೆಂದು ಮಾನ್ಯ ಮಾಡುವುದೇ ಆ ಹೊಣೆ. ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಈ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. ಮೈಸೂರಿನ ಮಹಾರಾಜ ಕಾಲೇಜು ಹಾಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದರ ಮೂಲ ಅಂಗಗಳು. ಪ್ರಥಮ ಕುಲಪತಿ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆಯನ್ನೂ ನಡೆಸಿದವರೆಂಬುದು ಗಮನಾರ್ಹ. ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಕಾರ್ಯವನ್ನು ಪೂರೈಸಿದರು. 1928ರಿಂದ 1935ರ ಅವಧಿಯಲ್ಲಿ ವಿಶ್ವವಿದ್ಯಾನಿಲಯವೇ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಆದರೆ ಅವು ಇಂಗ್ಲಿಷಿನಲ್ಲಿದ್ದವು. ಜನ ಅಲ್ಲಿ ಅಧ್ಯಯನದ ವಸುವಾಗಿದ್ದರೇ ಹೊರತು ಓದುಗರಾಗಿರಲಿಲ್ಲ.

ಈ ಅಂತರವನ್ನು ತಗ್ಗಿಸಿದ್ದು ಕನ್ನಡದ ಕಾರ್ಯ. 1930ರ ದಶಕದಲ್ಲಿ ಆರಂಭವಾದ ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ಕನ್ನಡದಲ್ಲಿ ವಿವರಿಸಿದರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಸುಲಭ ಬೆಲೆಗೆ ದೊರೆತವು. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಪದವಿ ತರಗತಿಗಳಿಗೆ ಕನ್ನಡ ಪಠ್ಯಗಳನ್ನು ಬರೆಯಿಸುವ ಕಾರ್ಯಕ್ಕೆ ಒತ್ತು ನೀಡಿ, ಮಾನಸಗಂಗೋತ್ರಿಯನ್ನು ರೂಪಿಸಿದರು.

ಇದುವರೆಗಿನದು ಜ್ಞಾನ ಹೊರಕ್ಕೆ ಹರಿದ ಬಗೆ. ಹಳ್ಳಿಯ ಅರಿವು ಒಳಕ್ಕೆ ಬಂದದ್ದು ಕನ್ನಡ ಅಧ್ಯಯನ ಸಂಸ್ಥೆಯ ಮೂಲಕ. 1966ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ ಮೊದಲಾದವರ ಆಸಕ್ತಿಯಿಂದ ಜಾನಪದವು ಸ್ವತಂತ್ರ ಶಿಸ್ತಾಗಿ ಬೆಳೆಯಿತು. ಪಿ.ಆರ್. ತಿಪ್ಪೇಸ್ವಾಮಿಯವರು ಊರೂರು ಅಲೆದು ವಸ್ತುಗಳನ್ನು ಸಂಗ್ರಹಿಸಿದರು. 1968ರಲ್ಲಿ ಸ್ಥಾಪಿತವಾದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ನೆಲೆಗೊಂಡಿತು. ರಾಜಕುಮಾರಿಗಾಗಿ ಕಟ್ಟಿದ ಅರಮನೆಯೊಳಕ್ಕೆ ಸೋಮನ ಮುಖವಾಡ, ತೊಗಲುಬೊಂಬೆ, ಬೇಸಾಯದ ಉಪಕರಣಗಳು ಪ್ರವೇಶ ಪಡೆದದ್ದು ಜ್ಞಾನದ ಶ್ರೇಣಿಯಲ್ಲಿಯೇ ಆದ ಪಲ್ಲಟ.

ವಿಸ್ತಾರದ ಫಲವಾಗಿ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಗಳು ಪ್ರತ್ಯೇಕಗೊಂಡವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ.ಎಸ್. ಗದ್ದಗಿಮಠರ ಸಂಶೋಧನೆ ಜನಪದ ಗೀತೆಗಳ ಶಾಸ್ತ್ರೀಯ ಅಧ್ಯಯನಕ್ಕೆ ದಾರಿ ತೆರೆದಿತ್ತು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದವು.

ಈ ಸಾಧನೆಗಳ ನಡುವೆ ಒಂದು ಕೊರತೆಯನ್ನು ಗುರುತಿಸಲೇಬೇಕಾಗುತ್ತದೆ. ಆರಂಭದ ಸಂಕಲನಗಳಲ್ಲಿ ಬಹುಮಟ್ಟಿಗೆ ಸಂಗ್ರಾಹಕರ ಹೆಸರು ಮುಖಪುಟದಲ್ಲಿತ್ತು. ಹಾಡಿದವರ ಹೆಸರು ಅನುಬಂಧಕ್ಕೆ ಸರಿಯಿತು, ಕೆಲವೊಮ್ಮೆ ಕಾಣೆಯಾಯಿತು. ದೇವರಗುಡ್ಡರು, ನೀಲಗಾರರು 'ಮಾಹಿತಿದಾರ'ರಾದರು, ವಿದ್ವಾಂಸರಾಗಲಿಲ್ಲ. ಮಲೆ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದರು ಸಂಪಾದಿಸಿದಾಗ ಅದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವೆಂದೇ ಗುರುತಾಯಿತು. ಇದು ಕೇವಲ ಸೌಜನ್ಯವಲ್ಲ, ಕರ್ತೃತ್ವದ ಮನ್ನಣೆ.

ಪದವಿ ಪಡೆದವರ ಸಂಖ್ಯೆಯಿಂದ ಮಾತ್ರ ಸಾರ್ವಜನಿಕ ವಿಶ್ವವಿದ್ಯಾನಿಲಯದ ಸಾಧನೆಯನ್ನು ಅಳೆಯಲಾಗದು. ಸಂಗ್ರಹಿಸಿದ ಹಾಡು ಹಾಡುಗಾರರ ಮಕ್ಕಳಿಗೆ ಮರಳಿ ದೊರೆಯಬೇಕು. ಹಾಡುಗಾರರು ತರಗತಿಯಲ್ಲಿ ಬೋಧಕರಾಗಿ ನಿಲ್ಲಬೇಕು. ಕೊಡುವ ಹಾಗೂ ಪಡೆಯುವ ಸಂಬಂಧ ಹೀಗೆ ಸಮಾನವಾದಾಗ ಮಾತ್ರ 1916ರಲ್ಲಿ ಆರಂಭವಾದ ಕಾರ್ಯ ಪೂರ್ಣತೆಯತ್ತ ಸಾಗುತ್ತದೆ.