ಆರಕ್ಷರದ ಮನೆಯಲ್ಲಿ ಒಂಬತ್ತಕ್ಷರದ ಊರು

ಮದುವೆ ಮನೆಯಲ್ಲಿ ಜನ ಬಂದು ಕೂರುವ ಮೊದಲೇ ಸಾಲಾಗಿ ಎಲೆ ಹಾಕಿಬಿಡುತ್ತಾರೆ. ಒಬ್ಬೊಬ್ಬರು ಬಂದಾಗಲೂ ಇಡೀ ಪಂಕ್ತಿಯನ್ನು ಎಬ್ಬಿಸಿ, ಒಂದೆಲೆ ಹೆಚ್ಚಿರುವ ಇನ್ನೊಂದು ಪಂಕ್ತಿಗೆ ಸಾಗಿಸುತ್ತ ಹೋದರೆ ಊಟ ಮುಗಿಯುವುದು ಯಾವಾಗ? ಗಣಕಯಂತ್ರದೊಳಗೂ ಇದೇ ಕಥೆ. ಆದರೆ ಅಲ್ಲಿ ಎಲೆಗಳನ್ನು ಮೊದಲು ಹಾಕಿದ್ದು ಅಂಕಿಗಳಿಗೆ. ಅಕ್ಷರಗಳು ಕರೆಯದೆ ಬಂದ ಅತಿಥಿಗಳು.

ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 704 ಎಂಬ ಗಣಕಕ್ಕಾಗಿ ರೂಪಿಸಿದ ಫೋರ್ಟ್ರಾನ್ ಭಾಷೆ 1957ರಲ್ಲಿ ಬಳಕೆಗೆ ಬಂತು. ಸೂತ್ರಗಳನ್ನು ಯಂತ್ರದ ಮಾತಿಗೆ ತಿರುಗಿಸುವುದೇ ಅದರ ಕೆಲಸ. ನೂರು ಅಂಕಿಗಳ ಪಟ್ಟಿ ಬೇಕಿದ್ದರೆ 'ಡೈಮೆನ್ಷನ್' ಎಂಬ ಹೇಳಿಕೆಯಲ್ಲಿ ಮೊದಲೇ ತಿಳಿಸಬೇಕು, ಯಂತ್ರ ನೂರು ಮನೆಗಳನ್ನು ಎತ್ತಿಡುತ್ತಿತ್ತು. ಹೆಸರು, ಊರುಗಳಿಗೆಂದೇ ಪ್ರತ್ಯೇಕ ಮನೆ ಇರಲಿಲ್ಲ.

ಹಾಗಾಗಿ ಅಕ್ಷರಗಳು ಅಂಕಿಯ ಮನೆಯಲ್ಲೇ ಬಾಡಿಗೆಗೆ ನಿಂತವು. 704ರ ಒಂದು ಮನೆಯಲ್ಲಿ 36 ಬಿಟ್‌ಗಳು. ಅಕ್ಷರಕ್ಕೆ ಆರರಂತೆ ಆರೇ ಅಕ್ಷರ. ಇಂಗ್ಲಿಷಿನ ಮೈಸೂರು ಸರಿಯಾಗಿ ಹಿಡಿಸುತ್ತದೆ. ಒಂಬತ್ತಕ್ಷರದ ಬ್ಯಾಂಗಲೋರ್‌ಗೆ ಎರಡು ಮನೆ ಬೇಕು. 1964ರಲ್ಲಿ ಪ್ರಕಟವಾದ ಐಬಿಎಂ 360ರಲ್ಲಾದರೋ ಮನೆಗೆ 32 ಬಿಟ್, ಅಕ್ಷರಕ್ಕೆ ಎಂಟು. ನಾಲ್ಕೇ ಅಕ್ಷರ ಹಿಡಿಯುತ್ತದೆ. ಅಲ್ಲಿ ಮೈಸೂರೂ ಇಬ್ಭಾಗ! ಯಂತ್ರ ಬದಲಾದರೆ ಅಕ್ಷರ ತುಂಬುವ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕಿತ್ತು.

ಇನ್ನೊಂದು ಪೀಕಲಾಟ, ಎಣಿಕೆಯದು. ಪದ ಬರೆಯುವ ಮೊದಲು ಅದರಲ್ಲೆಷ್ಟು ಅಕ್ಷರವೆಂದು ಬರೆದು, 'ಎಚ್' ಎಂಬ ಗುರುತು ಹಾಕಬೇಕಿತ್ತು. ಎಚ್ ಎಂದರೆ ಹರ್ಮನ್ ಹಾಲೆರಿತ್. ಅಮೆರಿಕದ 1890ರ ಜನಗಣತಿಯನ್ನು ರಂಧ್ರಕಾರ್ಡುಗಳ ಮೂಲಕ ಎಣಿಸಿಕೊಟ್ಟ ವ್ಯಕ್ತಿ. ಆರರ ಬದಲು ಐದೆಂದು ಬರೆದರೋ, ಕೊನೆಯ ಅಕ್ಷರ ಪದದಿಂದ ಹೊರಬಿದ್ದು ಆದೇಶದ ಭಾಗವಾಗಿಬಿಡುತ್ತಿತ್ತು.

ಫೋರ್ಟ್ರಾನ್ 77 ಎಂದು ಹೆಸರಾದ ಆವೃತ್ತಿ ಅಕ್ಷರಗಳಿಗೆ ಸ್ವಂತ ಮನೆ ಕೊಟ್ಟಿತು. ಉದ್ದವನ್ನು ಮಾತ್ರ ಮೊದಲೇ ಹೇಳಬೇಕು. ಹೆಸರು ಚಿಕ್ಕದಿದ್ದರೆ ಉಳಿದ ಜಾಗಕ್ಕೆ ಖಾಲಿ ಅಕ್ಷರ ತುಂಬುತ್ತದೆ. ದೊಡ್ಡದಿದ್ದರೆ? ಬಲಗಡೆಯಿಂದ ಕತ್ತರಿಸುತ್ತದೆ, ಸದ್ದಿಲ್ಲದೆ. ನಮ್ಮ ಪತ್ರಿಕಾ ಕಚೇರಿಯಲ್ಲೂ ಸುದ್ದಿ ಬರುವ ಮೊದಲೇ ಪುಟದಲ್ಲಿ ಜಾಗ ಗುರುತಿಸುವುದುಂಟು. ಆದರೆ ಕತ್ತರಿಸುವ ಉಪಸಂಪಾದಕರು ಕೂಗಿ ಹೇಳುತ್ತಾರೆ.

1970ರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಗಣಿತಜ್ಞ ಕ್ಲೀವ್ ಮೋಲರ್, ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯುವ ಕಷ್ಟವಿಲ್ಲದೆ ಲೆಕ್ಕ ಮಾಡಲೆಂದು ಮ್ಯಾಟ್‌ಲ್ಯಾಬ್ ಬರೆದರು. ಫೋರ್ಟ್ರಾನಿನಲ್ಲೇ ಬರೆದರೆಂಬುದು ಸ್ವಾರಸ್ಯ. ಅಲ್ಲಿ ಎಲ್ಲವೂ ಮಾತೃಕೆ, ಅಂದರೆ ಅಂಕಿಗಳ ಸಾಲು ಕಂಬ. ಊರುಗಳ ಪಟ್ಟಿ ಮಾಡಬೇಕೆ? ಸಾಲುಗಳೆಲ್ಲ ಸಮ ಉದ್ದವಿರಬೇಕು. ಬ್ಯಾಂಗಲೋರ್ ಪಕ್ಕ ನಿಲ್ಲಲು ಮೈಸೂರಿನ ಬಾಲಕ್ಕೆ ಮೂರು ಖಾಲಿ ಅಕ್ಷರ.

ಜಾಗ ಮೊದಲೇ ಕಾದಿರಿಸುವ ಕಟ್ಟಳೆಯನ್ನು ಮ್ಯಾಟ್‌ಲ್ಯಾಬ್ ತೆಗೆದುಹಾಕಿತು. ಸೇರಿಸಿದಂತೆ ಪಟ್ಟಿ ಬೆಳೆಯುತ್ತದೆ. ಆದರೆ ಪ್ರತಿ ಸಲವೂ ಹೊಸ ಜಾಗ ಹುಡುಕಿ ಹಳೆಯದನ್ನೆಲ್ಲ ಅಲ್ಲಿಗೆ ನಕಲು ಮಾಡಬೇಕಾದರೆ, ಸಾವಿರ ಹೆಸರು ಸೇರುವಷ್ಟರಲ್ಲಿ 4,99,500 ನಕಲು! ಎಲೆ ಮೊದಲೇ ಹಾಕಿ ಎಂಬ ಹಳೆಯ ಬುದ್ಧಿವಾದ ಮತ್ತೆ ಚಾಲ್ತಿಗೆ ಬಂದದ್ದು ಹೀಗೆ, ಈ ಬಾರಿ ಕಟ್ಟಳೆಯಾಗಿ ಅಲ್ಲ, ಮಿತವ್ಯಯವಾಗಿ.

1996ರ ಐದನೆಯ ಆವೃತ್ತಿಯಲ್ಲಿ 'ಸೆಲ್' ಪಟ್ಟಿಗಳು ಬಂದವು. ಸಾವಿರ ಖಾಲಿ ಗೂಡು ಮೊದಲೇ ಮಾಡಿಟ್ಟು, ಯಾವ ಗೂಡಿನಲ್ಲಿ ಎಷ್ಟುದ್ದದ ಹೆಸರನ್ನಾದರೂ ಇಡಬಹುದು. ಗೂಡಿನಲ್ಲಿರುವುದು ಹೆಸರಿನ ವಿಳಾಸ ಮಾತ್ರ, ಆದ್ದರಿಂದ ಉದ್ದದ ತಂಟೆಯಿಲ್ಲ. 2016ರಲ್ಲಿ ಬಂದ 'ಸ್ಟ್ರಿಂಗ್' ಪಟ್ಟಿಗಳು ಇನ್ನೊಂದು ಸೂಕ್ಷ್ಮ ತಂದವು: ಹೆಸರು ಖಾಲಿ ಇರುವುದು ಬೇರೆ, ಹೆಸರೇ ಇಲ್ಲದಿರುವುದು ಬೇರೆ. ಅರುವತ್ತು ವರ್ಷ ತಡವಾಗಿ ಬಂದ ಮರ್ಯಾದೆ ಎನ್ನಬೇಕು.

ಕನ್ನಡದ ಮಟ್ಟಿಗೆ ಲೆಕ್ಕ ಇನ್ನೂ ತೊಡಕಿನದು. 'ಬೆಂಗಳೂರು' ಎಂದು ಬರೆದರೆ ನಮ್ಮ ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡ್ ಎಣಿಕೆಯಲ್ಲಿ ಕೊಂಬು, ಸೊನ್ನೆಗಳೆಲ್ಲ ಸೇರಿ ಎಂಟು ಸಂಕೇತ. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಹತ್ತು ಬೈಟಿನ ಹಳೆಯ ಫೋರ್ಟ್ರಾನ್ ಮನೆಗೆ ಇದನ್ನು ತುಂಬಿದರೆ 'ಬೆಂ' ಉಳಿಯುತ್ತದೆ. ಅದರ ಹಿಂದೆ 'ಗ'ಕಾರದ ಮೂರರಲ್ಲೊಂದು ಪಾಲು, ಯಾವ ಅಕ್ಷರವೂ ಅಲ್ಲದ ಒಂಟಿ ಬೈಟು.