ಲ್ಯಾವೆನ್‌ಹ್ಯಾಮಿನ ಸೊಟ್ಟ ಮನೆಗಳು

ಇಂಗ್ಲೆಂಡಿನ ಸಫೋಕ್ ಸೀಮೆಯ ಲ್ಯಾವೆನ್‌ಹ್ಯಾಮ್ ಒಂದು ಹಳೆಯ ಸಂತೆ ಊರು. ಒಂದಕ್ಕೊಂದು ಒರಗಿದ ಮರದ ಮನೆಗಳು, ಬೀದಿಯತ್ತ ಚಾಚಿಕೊಂಡ ಮೇಲ್ಮಹಡಿಗಳು, ಹುಡುಕಿದರೂ ನೆಟ್ಟಗಿನ ಗೋಡೆ ಸಿಗುವುದು ಕಷ್ಟ. ನೋಡಿದವರು ‘ಎಷ್ಟು ಚೆಂದ ಉಳಿಸಿಕೊಂಡಿದ್ದಾರೆ’ ಎನ್ನುತ್ತಾರೆ. ಆ ಮಾತಿಗೆ ನನ್ನದೊಂದು ತಕರಾರಿದೆ. ಬಹುಕಾಲ ಈ ಊರನ್ನು ಯಾರೂ ಬೇಕೆಂದು ಉಳಿಸಲಿಲ್ಲ. ಕೆಡವಿ ಹೊಸದು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ.

ಮೊದಲು ಕಾಸಿತ್ತು, ಧಾರಾಳವಾಗಿಯೇ ಇತ್ತು. 1257ರಲ್ಲಿ ಸಂತೆಗೆ ಅರಸನ ಅಪ್ಪಣೆ ಸಿಕ್ಕ ಊರು ಮುಂದೆ ಉಣ್ಣೆ ಬಟ್ಟೆಯಿಂದ ಬೆಳೆಯಿತು. ವೋಡ್ ಎಂಬ ಸಸಿಯ ಎಲೆಯಿಂದ ತೆಗೆದ ನೀಲಿಯಲ್ಲಿ ಅದ್ದಿದ ದಪ್ಪ ಬಟ್ಟೆ ಇಲ್ಲಿಯ ಹೆಸರುವಾಸಿ ಮಾಲು. (ನಮ್ಮ ನೀಲಿ ಗಿಡದ ಬಣ್ಣವೂ ಅದೇ. ಅದು ಸಮುದ್ರ ದಾಟಿ ಹೋಗಿ ವೋಡನ್ನು ಮೂಲೆಗೆ ತಳ್ಳಿದ್ದು ಆಮೇಲಿನ ಕತೆ.) 1524ರ ಸುಮಾರಿಗೆ ಈ ಪುಟ್ಟ ಊರು ಯಾರ್ಕ್, ಲಿಂಕನ್‌ನಂಥ ನಗರಗಳಿಗಿಂತ ಹೆಚ್ಚು ತೆರಿಗೆ ಕಟ್ಟುತ್ತಿತ್ತು. ಬಟ್ಟೆ ವ್ಯಾಪಾರಿ ಥಾಮಸ್ ಸ್ಪ್ರಿಂಗ್ 1523ರಲ್ಲಿ ಸತ್ತಾಗ ಕೊಟ್ಟ ಹಣವೂ ಸೇರಿ ಚರ್ಚಿನ ಗೋಪುರ 141 ಅಡಿ ಎತ್ತರಕ್ಕೇರಿತು.

ಆ ಸಂಪತ್ತನ್ನು ಓದಬೇಕಾದದ್ದು ಮರದಲ್ಲಿ. ಸಂತೆ ಬಯಲಿನ ಅಂಚಿನ ಗಿಲ್ಡ್‌ಹಾಲ್ 1530ರ ಆಸುಪಾಸಿನದು, ಒಂದು ಧಾರ್ಮಿಕ ಸಂಘದ್ದು. ಅದರ ಗೋಡೆಯಲ್ಲಿ ಓಕ್ ಕಂಬಗಳು ಪಕ್ಕಪಕ್ಕದಲ್ಲೇ ನಿಂತಿವೆ. ಚಾವಣಿ ಹೊರಲು ಅಷ್ಟು ಬೇಕಿಲ್ಲ. ನಡುವೆ ತಡಿಕೆ ಕಟ್ಟಿ ಮಣ್ಣು ಮೆತ್ತುವ ಪದ್ಧತಿ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಆದರೆ ಬಡವನ ಮನೆಯಲ್ಲಿ ಮಣ್ಣು ಹೆಚ್ಚು, ಮರ ಕಡಿಮೆ. ಇಲ್ಲಿ ತಿರುವುಮುರುವು. ಕೊರಳ ತುಂಬ ಚಿನ್ನ ಹಾಕಿಕೊಂಡು ಮದುವೆಗೆ ಬಂದವರ ಹಾಗೆ.

ಆದರೆ ನೇಯ್ದವರು? 1525ರಲ್ಲಿ ಎಂಟನೇ ಹೆನ್ರಿಯ ಫ್ರಾನ್ಸ್ ಯುದ್ಧಕ್ಕೆಂದು ಕಾರ್ಡಿನಲ್ ವುಲ್ಸಿ ಹೊಸ ವಸೂಲಿಗೆ ಇಳಿದ. ತೆರಿಗೆ ಕಟ್ಟಿದರೆ ಕೂಲಿ ಕೊಡಲಾಗದೆಂದು ವ್ಯಾಪಾರಿಗಳು ನೇಕಾರರ ಕೆಲಸ ನಿಲ್ಲಿಸಿದರು. ಸುತ್ತಲಿನ ಸಾವಿರಾರು ಜನ ಲ್ಯಾವೆನ್‌ಹ್ಯಾಮಿನಲ್ಲಿ ಸೇರಿದರು. ನಿಮ್ಮ ನಾಯಕ ಯಾರೆಂದು ನಾರ್ಫೋಕಿನ ಡ್ಯೂಕ್ ಕೇಳಿದಾಗ ಜಾನ್ ಗ್ರೀನ್ ಎಂಬ ಮುದುಕ, ಬಡತನವೇ ತಮ್ಮ ನಾಯಕ ಎಂದನಂತೆ. ಅರಸ ವಸೂಲಿ ಕೈಬಿಟ್ಟ. ಗಿಲ್ಡ್‌ಹಾಲ್ ಎದ್ದದ್ದು ಇದಾದ ನಾಲ್ಕೈದು ವರ್ಷಕ್ಕೆ ಎಂಬುದನ್ನು ನಾನು ಮರೆಯಲಾರೆ.

ಆ ನಾಯಕ ಊರು ಬಿಟ್ಟು ಹೋಗಲಿಲ್ಲ. ಆರನೇ ಎಡ್ವರ್ಡನ ಕಾಲದಲ್ಲಿ ಇಂಥ ಸಂಘಗಳೆಲ್ಲ ರದ್ದಾದವು. ಮುಂದೆ ಕೋಲ್ಚೆಸ್ಟರಿಗೆ ವಲಸೆ ಬಂದ ಡಚ್ ನೇಕಾರರ ಹಗುರ, ಅಗ್ಗದ ಬಟ್ಟೆಯೆದುರು ದಪ್ಪ ನೀಲಿ ಬಟ್ಟೆಗೆ ಗಿರಾಕಿ ಇಲ್ಲವಾಯಿತು. ಬೇರೆ ಊರುಗಳು ಇಟ್ಟಿಗೆಯ ಹೊಸ ಮುಖ ಹಾಕಿಕೊಳ್ಳುವಾಗ ಇಲ್ಲಿ ಹೆಚ್ಚಿನ ಮನೆಗಳು ಇದ್ದ ಹಾಗೇ ಬಾಗುತ್ತ ನಿಂತವು. ಗಿಲ್ಡ್‌ಹಾಲ್ ಸೆರೆಮನೆಯಾಯಿತು, ದಿಕ್ಕಿಲ್ಲದವರನ್ನು ದುಡಿಸುವ ಮನೆಯಾಯಿತು, ಉಣ್ಣೆಯ ಉಗ್ರಾಣವಾಯಿತು.

ಗೂಟ ಹೊಡೆದು ಜೋಡಿಸಿದ ಚೌಕಟ್ಟನ್ನು ಬಿಚ್ಚಿ ಸಾಗಿಸಬಹುದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಕ್ಟೋರಿಯಾ ರಾಣಿಯ ಮಗಳು ಲೂಯಿಸ್ ಇಲ್ಲಿಯ ವೂಲ್ ಹಾಲನ್ನು ಹಾಗೆಯೇ ಬಿಚ್ಚಿಸಿದಳು, ಆಸ್ಕಟ್‌ನಲ್ಲಿ ನಿಲ್ಲಿಸಲು. ಊರವರು ಗಲಾಟೆ ಎಬ್ಬಿಸಿದರು. ಮರವೆಲ್ಲ ವಾಪಸು ಬಂದು ಮತ್ತೆ ಅಲ್ಲೇ ಜೋಡಣೆಯಾಯಿತು. ‘ಉಳಿಸಿಕೊಂಡರು’ ಎಂಬ ಮಾತು ನನ್ನ ಲೆಕ್ಕದಲ್ಲಿ ಸಲ್ಲುವುದು ಅಲ್ಲಿಂದಾಚೆಗೆ. ಆ ಕಟ್ಟಡ ಈಗ ಸ್ವಾನ್ ಹೋಟೆಲಿನ ಭಾಗ.