ಅಂಗೈಯಲ್ಲಿ ಅಡಗಿದ ಆಯುಧ



ಚಲನಚಿತ್ರಗಳಲ್ಲಿ ಖಳನಾಯಕ ಕೋಟಿನ ಜೇಬಿನಿಂದ ಪುಟ್ಟ ಪಿಸ್ತೂಲು ತೆಗೆಯುವುದನ್ನು ನೀವು ನೋಡಿದ್ದೀರಿ. ಪಿಸ್ತೂಲು ಇಷ್ಟು ಚಿಕ್ಕದಾದದ್ದು ಹೇಗೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ.

ಹಿಂದಿನ ಪಿಸ್ತೂಲುಗಳಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಕೊಳ್ಳಬೇಕಿತ್ತು. ಅದರ ಯಂತ್ರಭಾಗ ದೊಡ್ಡದು. ಮದ್ದು ಒದ್ದೆಯಾದರೆ ಎಲ್ಲವೂ ವ್ಯರ್ಥ. 19ನೇ ಶತಮಾನದ ಆರಂಭದಲ್ಲಿ, ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಸಂಯುಕ್ತವನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬುವ ವಿಧಾನ ಬಂತು. ಪಿಸ್ತೂಲು ಜೇಬಿಗಿಳಿಯಿತು.

ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಇಂಥ ಪಿಸ್ತೂಲುಗಳಿಗೆ ಹೆಸರಾದ. ಉದ್ದ ಸುಮಾರು 15 ಸೆಂ.ಮೀ.; ಒಂದೇ ಗುಂಡು. ಆದ್ದರಿಂದಲೇ ಅವು ಜೋಡಿಯಾಗಿ ಮಾರಾಟವಾಗುತ್ತಿದ್ದವು. 1866ರಲ್ಲಿ ರೆಮಿಂಗ್ಟನ್ ಕಂಪನಿ ಒಂದರ ಮೇಲೊಂದು ನಳಿಕೆಯಿದ್ದ, ಎರಡು ಗುಂಡಿನ ಪಿಸ್ತೂಲನ್ನು ತಂದಿತು. ಅದು 1935ರವರೆಗೂ ತಯಾರಾಯಿತು. 1908ರಲ್ಲಿ ಬಂದದ್ದು ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಪಿಸ್ತೂಲು. ಉದ್ದ ಸುಮಾರು 11.5 ಸೆಂ.ಮೀ. ಮಾತ್ರ, ಆದರೆ ಅದರ ಮ್ಯಾಗಜಿನ್ನಿನಲ್ಲಿ 6 ಗುಂಡು!

ಮೂರಕ್ಕೂ ಒಂದು ದೌರ್ಬಲ್ಯ ಸಮಾನ. ನಳಿಕೆ ಗಿಡ್ಡವಾದ್ದರಿಂದ ಅನಿಲದ ಒತ್ತಡ ಗುಂಡನ್ನು ತಳ್ಳಲು ಸಿಗುವ ದೂರ ಕಡಿಮೆ, ಗುರಿಯೂ ನಿಖರವಲ್ಲ. ಕಳ್ಳರ ಭಯದಿಂದ ಇವನ್ನು ಕೊಂಡ ಪ್ರಯಾಣಿಕರು, ವ್ಯಾಪಾರಿಗಳು ಇದ್ದರು, ನಿಜ. ಆದರೆ ಕೆಲವೇ ಅಡಿಗಳಾಚೆ ಇವು ಹೆಚ್ಚು ಪ್ರಯೋಜನಕ್ಕೆ ಬಾರವು. ಹತ್ತಿರ ಬರಲು ಯಾರಿಗೆ ಅಡ್ಡಿಯಿಲ್ಲವೋ ಅವರ ಕೈಯಲ್ಲೇ ಇವು ಹೆಚ್ಚು ಅಪಾಯಕಾರಿ.

1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಆದದ್ದು ಇದೇ. ಜಾನ್ ವಿಲ್ಕ್ಸ್ ಬೂತ್ ಅಲ್ಲಿ ಪರಿಚಿತ ನಟ. ಅವನನ್ನು ಯಾರೂ ಶೋಧಿಸಲಿಲ್ಲ. ಡೆರಿಂಜರ್ ಪಿಸ್ತೂಲಿನಿಂದ ಅಧ್ಯಕ್ಷ ಲಿಂಕನ್ನರ ತಲೆಗೆ ಹಿಂದಿನಿಂದ ಗುಂಡು ಹೊಡೆದ. ಇದ್ದ ಒಂದೇ ಗುಂಡು ಮುಗಿದಾಗ, ತಡೆಯಲು ಬಂದ ಮೇಜರ್ ರಾಥ್‌ಬೋನ್‌ರನ್ನು ಚೂರಿಯಿಂದ ಇರಿದ. ಮರುದಿನ ಬೆಳಿಗ್ಗೆ ಲಿಂಕನ್ ತೀರಿಕೊಂಡರು.

ನಮ್ಮ ದೇಶವೂ ಇಂಥದೇ ನೋವನ್ನು ಉಂಡಿದೆ. 1948ರ ಜನವರಿ 20ರಂದು ದೆಹಲಿಯ ಪ್ರಾರ್ಥನಾ ಸಭೆಯಲ್ಲಿ ಬಾಂಬು ಸಿಡಿದ ಮೇಲೂ, ಬಂದವರನ್ನು ಶೋಧಿಸಲು ಗಾಂಧೀಜಿ ಒಪ್ಪಲಿಲ್ಲ. ಹತ್ತು ದಿನಗಳ ನಂತರ ಹಂತಕ ಕೈಮುಗಿಯುತ್ತಲೇ ಎದುರು ಬಂದ. ಅವನ ಬೆರೆಟ್ಟಾ ಪಿಸ್ತೂಲಿನ ಉದ್ದವೂ ಸುಮಾರು 15 ಸೆಂ.ಮೀ.!

ಇಂದು ವಿಮಾನ ನಿಲ್ದಾಣದಲ್ಲಿ ನೀವು ಕೈಯೆತ್ತಿ ನಿಂತು ತಪಾಸಣೆಗೆ ಒಳಗಾಗುತ್ತೀರಿ. ಬೇಸರವಾದರೆ ಈ ಕಥೆ ನೆನಪಿಸಿಕೊಳ್ಳಿ. ತಪಾಸಣೆ ಬೇಕು, ಸರಿ. ಆದರೆ ಅದಕ್ಕಾಗಿ ನಾವು ಕಳೆದುಕೊಂಡದ್ದೇನು? ನಾಯಕನ ಬಳಿಗೆ ಯಾರು ಬೇಕಾದರೂ ನಡೆದು ಹೋಗಬಹುದಾಗಿದ್ದ ಆ ದಿನಗಳನ್ನು. ಇದರ ಬಗ್ಗೆ ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.